ವಾಡಿಯಲ್ಲಿ ಇಳಿಯದ ಆರ್ಚ್‌ಡೀಕನ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಪ್ರೊಟೆಸ್ಟೆಂಟ್ ಸಭೆ ಎಂದರೆ ಬಹುಮಟ್ಟಿಗೆ ಮೆಥಡಿಸ್ಟ್ ಸಭೆಯೇ. ದೊರೆಗಳ ಸಭೆಯಾಗಿದ್ದ ಆಂಗ್ಲಿಕನ್ ಸಭೆ ಇಲ್ಲಿ ಬೇರು ಬಿಡಲಿಲ್ಲ. ಬರಲು ದಾರಿ ಇರಲಿಲ್ಲವೆಂದಲ್ಲ. ಶಹಾಬಾದ್, ವಾಡಿಗಳ ಮೇಲೆ ಹಾದ ಮುಂಬೈ ಕಡೆಯ ರೈಲು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿಕೊಂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿಗೆ ಹೋಯಿತು. ಹಳಿ ಕಾಣದೆ ಉಳಿದದ್ದು ಚಿಂಚೋಳಿ. ಮಿಷನ್‌ಗಳು ಸೀಮೆಗಳನ್ನು ತಮ್ಮೊಳಗೇ ಹಂಚಿಕೊಂಡವು, ಈ ಭಾಗ ಅಮೆರಿಕನ್ ಮೆಥಡಿಸ್ಟರ ಪಾಲಿಗೆ ಬಂತು ಎಂಬುದು ಸಾಮಾನ್ಯ ವಿವರಣೆ. ಅದು ನಿಜ, ಆದರೆ ಅರ್ಧ ನಿಜ. ಬಿಷಪರ ಕೆಳಗೆ ಒಂದು ಪ್ರದೇಶವನ್ನು ನೋಡಿಕೊಳ್ಳುವ ಆರ್ಚ್‌ಡೀಕನ್ ಎಂಬ ಹಿರಿಯ ಪಾದ್ರಿಯ ಹುದ್ದೆ ಭಾರತಕ್ಕೆ ಬಂದದ್ದೇ ಸರ್ಕಾರಿ ಖಜಾನೆಯ ಬೆನ್ನಿಗೆ. ಖಜಾನೆ ನಿಂತ ಕಡೆ ಹುದ್ದೆಯೂ ನಿಂತಿತು ಎಂಬುದು ನನ್ನ ವಾದ.

1813ರ ಸನದು ಕಾಯ್ದೆಯ ಪ್ರಕಾರ 1814ರಲ್ಲಿ ಕಲ್ಕತ್ತೆಗೆ ಥಾಮಸ್ ಮಿಡಲ್ಟನ್ ಮೊದಲ ಬಿಷಪರಾದರು. ಅವರೊಡನೆ ಕಲ್ಕತ್ತ, ಮದ್ರಾಸ್, ಮುಂಬೈಗಳಿಗೆ ಒಬ್ಬೊಬ್ಬರು ಆರ್ಚ್‌ಡೀಕನ್. ಎಲ್ಲರ ಸಂಬಳವೂ ಈಸ್ಟ್ ಇಂಡಿಯಾ ಕಂಪನಿಯದೇ. ಕೆಲಸವೇನು? ಬಿಷಪರ ಕಣ್ಣಾಗಿ ಸುತ್ತುವುದು, ದೇವಾಲಯದ ಕಟ್ಟಡ, ಲೆಕ್ಕ, ಪಾದ್ರಿಯ ನಡತೆಗಳನ್ನು ವಿಚಾರಿಸುವುದು, ದೀಕ್ಷೆಗೆ ನಿಂತವರನ್ನು ಬಿಷಪರ ಮುಂದೆ ತರುವುದು. ಇಂಗ್ಲೆಂಡಿನಲ್ಲಿ ಇದು ಅಡಿಯಾಳಿನ ಕೆಲಸದಂತೆ ಕಂಡೀತು, ಇಲ್ಲಿ ಹಾಗಾಗಲಿಲ್ಲ. ಕಲ್ಕತ್ತೆಯ ಬಿಷಪರ ಅಧಿಕಾರ ಆಗ ಆಸ್ಟ್ರೇಲಿಯಾದವರೆಗೂ ಚಾಚಿತ್ತು. ಸಾಲದ್ದಕ್ಕೆ, 1822ರಿಂದ 1831ರೊಳಗೆ ಮಿಡಲ್ಟನ್, ಹೀಬರ್, ಜೇಮ್ಸ್, ಟರ್ನರ್ ಹೀಗೆ ನಾಲ್ವರು ಬಿಷಪರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಹೀಬರ್ ಅವರ ನಂತರ ಪೀಠ ಬರಿದಾದಾಗಲೆಲ್ಲ ಸಭೆಯ ಆಡಳಿತ ಸಾಗಿಸಿದವರು ಆರ್ಚ್‌ಡೀಕನ್ ಡೇನಿಯಲ್ ಕೋರಿ. ಅವರೇ 1835ರಲ್ಲಿ ಮದ್ರಾಸಿನ ಮೊದಲ ಬಿಷಪರಾದರು. 1837ರಲ್ಲಿ ಮುಂಬೈಯ ಆರ್ಚ್‌ಡೀಕನ್ ಥಾಮಸ್ ಕಾರ್ ಅಲ್ಲಿಯ ಮೊದಲ ಬಿಷಪರಾದರು. ಬಿಷಪರ ಹೆಸರು ಕಲ್ಲಿನ ಮೇಲೆ, ಆರ್ಚ್‌ಡೀಕನ್ನರ ದುಡಿಮೆ ಕಡತದೊಳಗೆ ಎಂಬ ಹಳೆಯ ಅನ್ಯಾಯ ಇಲ್ಲಿಯೂ ಇದೆ.

ಈಗ ಸೇಡಂ, ಚಿತ್ತಾಪುರಗಳಿದ್ದ ನಿಜಾಮರ ಸೀಮೆಗೆ ಬರೋಣ. ಇದು ಬ್ರಿಟಿಷ್ ನೆಲವಾಗಿರಲಿಲ್ಲ. ಸಿಕಂದರಾಬಾದ್, ಬೊಳಾರಂ ದಂಡುಗಳಲ್ಲಿ ಸೈನ್ಯವಿತ್ತು, ಅದಕ್ಕಾಗಿ ಸಂಬಳದ ಪಾದ್ರಿಗಳಿದ್ದರು. ಪಾದ್ರಿ ಇದ್ದಲ್ಲಿಗೆ ತಪಾಸಣೆಗೆ ಮೇಲಿನವರು ಬರುತ್ತಿದ್ದರು. ಚಿತ್ತಾಪುರದಲ್ಲೋ ಚಿಂಚೋಳಿಯಲ್ಲೋ ದಂಡಿರಲಿಲ್ಲ, ಆದ್ದರಿಂದ ತಪಾಸಿಸಲು ಏನೂ ಇರಲಿಲ್ಲ. ಅದೇ ಕೆಲಸವನ್ನು ಹಳ್ಳಿಗಳಲ್ಲಿ ಮಾಡಿದವರು ಮೆಥಡಿಸ್ಟರ ಜಿಲ್ಲಾ ಮೇಲ್ವಿಚಾರಕರು. ವಂಶಾವಳಿ ನೋಡಿದರೆ ಇವರು ಹೊರಗಿನವರೇನಲ್ಲ: ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಸಾಯುವವರೆಗೂ ಆಂಗ್ಲಿಕನ್ ಪಾದ್ರಿ, 1784ರಲ್ಲಿ ಅಮೆರಿಕದ ಸಭೆಗೆ ಅವರು ಕಳಿಸಿದ ಥಾಮಸ್ ಕೋಕ್ ಕೂಡ ಆಂಗ್ಲಿಕನ್ ಪಾದ್ರಿಯೇ. ವ್ಯತ್ಯಾಸವಿರುವುದು ಅಧಿಕಾರದ ಮೂಲದಲ್ಲಿ. ಮೇಲ್ವಿಚಾರಕರನ್ನು ನೇಮಿಸುವವರು ಸಭೆಯ ಬಿಷಪರು, ರಾಜರಲ್ಲ. ಅವರ ಜಿಲ್ಲೆ ಅಳೆಯಲ್ಪಡುವುದು ಸಭೆಗಳಿಂದ, ಕಂಟೋನ್ಮೆಂಟಿನಿಂದಲ್ಲ.

ಮೆಥಡಿಸ್ಟರೂ ಪರದೇಶದ ದುಡ್ಡಿನ ಮೇಲೆಯೇ ನಿಂತಿದ್ದರಲ್ಲ ಎಂದು ಕೇಳಬಹುದು. ನಿಂತಿದ್ದರು, ಒಪ್ಪಬೇಕು. ಆದರೆ ಮಿಷನ್ ಹಣ ಹಳ್ಳಿಯನ್ನು ಹುಡುಕಿಕೊಂಡು ಬಂತು. ಸರ್ಕಾರಿ ಸಂಬಳ ಮೊದಲು ನೋಡಿದ್ದು ತನ್ನ ಸಿಪಾಯಿ, ತನ್ನ ಅಧಿಕಾರಿಯನ್ನು. ಪ್ರಾಂತದ ಧರ್ಮಾಧಿಕಾರ ಎಂಬುದೇ ಈ ಜನಕ್ಕೆ ಹೊಸದಿದ್ದೀತು ಎನ್ನುವ ಮಾತಂತೂ ನಿಲ್ಲುವುದಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಜೈನ ಭಟ್ಟಾರಕ ಪೀಠವಿತ್ತು; ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಸಜ್ಜಾದೆ ನಶೀನರೆಂಬ ಪೀಠಾಧಿಪತಿಗಳಿದ್ದರು. ಅವರಿಗೆ ನೆಲವಿತ್ತು, ಹರಕೆ ಹೊತ್ತು ಬರುವ ಜನರಿದ್ದರು.

ಗಟ್ಟಿಯಾದ ಆಕ್ಷೇಪವೆಂದರೆ ದೋರ್ನಕಲ್. ಅದೂ ನಿಜಾಮರ ಸೀಮೆಯೇ, ಅದೂ ರೈಲು ಜಂಕ್ಷನ್ನೇ, ಅಲ್ಲಿ ಆಂಗ್ಲಿಕನ್ ಸಭೆ ಹುಲುಸಾಗಿ ಬೆಳೆಯಿತಲ್ಲ? 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ವಿ. ಎಸ್. ಅಜರಯ್ಯನವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾಗಿ ಅಭಿಷಿಕ್ತರಾದದ್ದು ಆ ದೋರ್ನಕಲ್ಲಿಗೇ. ನನಗೆ ಇದು ವಾದದ ವಿರುದ್ಧದ ಸಾಕ್ಷಿಯಾಗಿ ಕಾಣುವುದಿಲ್ಲ. ತಮಿಳರಾದ ಅಜರಯ್ಯ ತೆಲುಗು ಕಲಿತು, ದೇಶೀ ಪಾದ್ರಿಗಳನ್ನು ತಯಾರು ಮಾಡಿ, ಎತ್ತಿನ ಗಾಡಿಯಲ್ಲಿ ಹಳ್ಳಿ ಸುತ್ತಿದರು. ಮಾಲ, ಮಾದಿಗ ಕೇರಿಗಳಿಂದ ಸಭೆ ಕಟ್ಟಿದರು. ದಂಡಿನ ಪಾದ್ರಿಗಳ ಮೇಲ್ವಿಚಾರಣೆ ಅವರ ಕೊರಳಿಗೆ ಕಟ್ಟಿರಲಿಲ್ಲ ಎಂಬುದೇ ಅವರ ಅನುಕೂಲ. ಬ್ರಿಟಿಷ್ ನೆಲದ ಹೊರಗೆ, ಖಜಾನೆಯ ನೆರಳು ಕಡಿಮೆಯಾದ ಕಡೆಯೇ ಆಂಗ್ಲಿಕನ್ ಹಿರಿಯ ಪಾದ್ರಿಗೆ ಊರಿನವನಾಗುವ ಅವಕಾಶ ಸಿಕ್ಕಿತು. ಅಂಥವರೊಬ್ಬರು ಪೂರ್ವದ ತೆಲುಗು ಹಳ್ಳಿಗಳಿಗೆ ಸಿಕ್ಕರು, ಪಶ್ಚಿಮದ ಕನ್ನಡ ಹಳ್ಳಿಗಳಿಗೆ ಸಿಗಲಿಲ್ಲ. ಆ ಹೊತ್ತಿಗೆ ಬೀದರ್, ವಿಕಾರಾಬಾದ್ ಕಡೆ ಮೆಥಡಿಸ್ಟರು ನೆಲೆಯೂರಿಯಾಗಿತ್ತು.

1930ರ ಮಾರ್ಚ್ 1ರಂದು ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯ ಕಾನೂನು ಕಟ್ಟಿನಿಂದ ಬಿಡಿಸಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ದೋರ್ನಕಲ್ ಸೇರಿದಂತೆ ದಕ್ಷಿಣದ ನಾಲ್ಕು ಆಂಗ್ಲಿಕನ್ ಡಯೋಸಿಸ್‌ಗಳು ಬ್ರಿಟಿಷ್ ಮೂಲದ ಮೆಥಡಿಸ್ಟರೊಡನೆ, ದಕ್ಷಿಣ ಭಾರತ ಐಕ್ಯ ಸಭೆಯೊಡನೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಆದವು. ಅಮೆರಿಕನ್ ಮೂಲದ ಮೆಥಡಿಸ್ಟರು ಹೊರಗುಳಿದರು. 1981ರಲ್ಲಿ ಅವರದು ಭಾರತದ ಮೆಥಡಿಸ್ಟ್ ಸಭೆ ಎಂಬ ಸ್ವತಂತ್ರ ಸಭೆಯಾಯಿತು, ಜಿಲ್ಲಾ ಮೇಲ್ವಿಚಾರಕರ ಹುದ್ದೆ ಅದರಲ್ಲಿ ಹಾಗೆಯೇ ಮುಂದುವರಿಯಿತು.