ಉಲ್ಲೇಖಗಣನೆಯೂ ವಿದ್ವತ್ತಿನ ಬೆಲೆಯೂ

ಉಲ್ಲೇಖಗಳನ್ನು ಎಣಿಸುವ ಪದ್ಧತಿ ಮೊದಲು ಬಳಕೆಗೆ ಬಂದುದು ವಿದ್ವಾಂಸರನ್ನು ತೂಗುವುದಕ್ಕಲ್ಲ, ಗ್ರಂಥಾಲಯದ ಹಣದ ಸದ್ವಿನಿಯೋಗಕ್ಕೆ. ಕಾಲೇಜು ಗ್ರಂಥಾಲಯವು ಯಾವ ರಸಾಯನಶಾಸ್ತ್ರ ಪತ್ರಿಕೆಗಳನ್ನು ತರಿಸಬೇಕೆಂಬುದನ್ನು ನಿರ್ಣಯಿಸಲು 1927ರಲ್ಲಿ ಅಮೆರಿಕದ ಗ್ರಾಸ್ ಎಂಬ ಇಬ್ಬರು ಹೀಗೆ ಎಣಿಸಿದರು. 1948ರಲ್ಲಿ ನಮ್ಮ ಎಸ್. ಆರ್. ರಂಗನಾಥನ್ ಅವರು ‘ಲೈಬ್ರಾಮೆಟ್ರಿ’ ಎಂದುದೂ ಗ್ರಂಥಾಲಯ ಸೇವೆಯನ್ನು ಕುರಿತೇ. ‘ಬಿಬ್ಲಿಯೋಮೆಟ್ರಿಕ್ಸ್’ ಎಂಬ ಹೆಸರು ರೂಢಿಗೆ ಬಂದುದು 1969ರಲ್ಲಿ, ಪ್ರಿಚರ್ಡ್ ಅವರಿಂದ.

ಪತ್ರಿಕೆಯನ್ನು ಆರಿಸುವ ಅಳತೆಗೋಲು ಕ್ರಮೇಣ ಮನುಷ್ಯನನ್ನು ಅಳೆಯತೊಡಗಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಗಳು ಅಧ್ಯಾಪಕರ ಬಡ್ತಿಗೂ ಅಂಕಗಳನ್ನು ಗೊತ್ತುಮಾಡಿದವು. ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಹೆಚ್ಚಿದಂತೆ ಲೇಖನದ ಅಂಕವೂ ಹೆಚ್ಚಿತು. ಆ ಅಂಶವಾದರೋ ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ದೊರೆತ ಉಲ್ಲೇಖಗಳ ಸರಾಸರಿ ಮಾತ್ರ. ಒಂದು ಲೇಖನದ ಗುಣವನ್ನು ಅದು ಹೇಗೆ ಹೇಳೀತು?

ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದರು (1902, 1904). ಮಲೆನಾಡಿನ ಇತಿಹಾಸವನ್ನು ಬರೆಯುವವರು ಇಂದಿಗೂ ಅವನ್ನು ಬಿಟ್ಟು ನಡೆಯಲಾರರು. ಆದರೆ ಎರಡು ವರ್ಷಗಳ ಲೆಕ್ಕಕ್ಕೆ ಶತಮಾನದ ಆಯುಸ್ಸು ನಿಲುಕದು. ಕನ್ನಡ ಗ್ರಂಥಗಳ ಅಡಿಟಿಪ್ಪಣಿಗಳೋ, ವಿದೇಶದ ಸೂಚಿಗಳಿಗೆ ಬಹುಮಟ್ಟಿಗೆ ಕಾಣವು. 1987ರಲ್ಲಿ ಸ್ಥಾಪಿತವಾಗಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಸಿರುವ ಕುವೆಂಪು ವಿಶ್ವವಿದ್ಯಾನಿಲಯದಲ್ಲಾಗಲಿ, ಶಿವಮೊಗ್ಗ ನಗರದ ಸಹ್ಯಾದ್ರಿ ಕಾಲೇಜುಗಳಲ್ಲಾಗಲಿ ಶಾಸನಾಭ್ಯಾಸಿಯನ್ನೂ ರಸಾಯನಶಾಸ್ತ್ರಜ್ಞನನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅನ್ಯಾಯವಾಗದಿರದು. ಸ್ಥಳೀಯ ಸಂಶೋಧನೆಯನ್ನು ಕಾಪಾಡಬೇಕೆಂದು 2015ರ ಲೈಡನ್ ಪ್ರಣಾಳಿಕೆಯೂ ಹೇಳಿದೆ. ಆಯ್ಕೆಸಮಿತಿಯವರು ಅಂಕಪಟ್ಟಿಗೆ ಮುನ್ನ ಲೇಖನವನ್ನೇ ಓದತಕ್ಕದ್ದು.

ಗ್ರಂಥಪಾಲಕರಿಗೂ ಒಂದು ಮಾತು: ಪರಾಮರ್ಶನ ಗ್ರಂಥಗಳನ್ನು ಮನೆಗೆ ಕೊಡುವ ವಾಡಿಕೆಯಿಲ್ಲವಾದುದರಿಂದ ಎರವಲು ದಾಖಲೆಯಲ್ಲಿ ಅವುಗಳ ಬಳಕೆ ಶೂನ್ಯವೆಂದೇ ತೋರುತ್ತದೆ. ಓದುಗರು ಮೇಜಿನ ಮೇಲೆ ಬಿಟ್ಟುಹೋದ ಸಂಪುಟಗಳನ್ನು ಕಪಾಟಿಗೆ ಸೇರಿಸುವ ಮುನ್ನ ಗುರುತುಹಾಕಿಕೊಳ್ಳುವುದು ಒಳ್ಳೆಯದು.