ಬಂಡಿ ಅನ್ನದ ಊರಲ್ಲಿ ಮಕ್ಕಳ ಪಾಲು

ನಮ್ಮೂರ ಕಡೆ ಮಕ್ಕಳಿಗೆ ಬಕಾಸುರನ ಕಥೆ ಹೇಳದ ಅಜ್ಜಿ ಇಲ್ಲ. ಕೈವಾರವೇ ಮಹಾಭಾರತದ ಏಕಚಕ್ರನಗರ, ಈ ಬೆಟ್ಟದಲ್ಲೇ ಬಕಾಸುರ ಇದ್ದ, ಸರದಿ ಬಂದ ಮನೆಯೋರು ಅವನಿಗೆ ಒಂದು ಬಂಡಿ ಅನ್ನ ಕಳಿಸಬೇಕಿತ್ತು, ಭೀಮ ಆ ಅನ್ನ ತಾನೇ ತಿಂದು ಅವನನ್ನ ಕೊಂದ ಅಂತ ಹೇಳ್ತೀವಿ. ಮಕ್ಕಳಿಗೆ ಅಷ್ಟು ಸಾಕು. ನನ್ನ ಮನಸ್ಸು ಮಾತ್ರ ಆ ಕಥೇಲಿ ಬೇರೆ ಕಡೆ ನಿಲ್ಲುತ್ತೆ. ಮಕ್ಕಳು ಭಿಕ್ಷೆ ಎತ್ತಿ ತಂದಿದ್ದನ್ನ ಕುಂತಿ ಎರಡು ಭಾಗ ಮಾಡ್ತಾಳೆ. ಒಂದು ಭಾಗ ಪೂರ್ತಿ ಭೀಮನಿಗೆ, ಇನ್ನೊಂದು ಭಾಗದಲ್ಲಿ ಉಳಿದ ನಾಲ್ಕು ಜನ ಮಕ್ಕಳು ಮತ್ತೆ ಅವಳು. ಕುಂತಿ ಭೇದ ಮಾಡಿದಳು ಅಂತ ಯಾರೂ ಅನ್ನಲ್ಲ. ದೊಡ್ಡ ಮೈ, ದೊಡ್ಡ ದುಡಿಮೆ, ಅದಕ್ಕೆ ದೊಡ್ಡ ಪಾಲು.

ಒಕ್ಕಲು ಮನೆಗಳಲ್ಲಿ ಇವತ್ತಿಗೂ ಲೆಕ್ಕ ಅದೇ ಕಣ್ರಮ್ಮಾ. ಉಳೋನಿಗೆ ದೊಡ್ಡ ಮುದ್ದೆ, ಕೂಲಿಗೆ ಬಂದೋರಿಗೆ ಹೊಟ್ಟೆ ತುಂಬ, ಕಡೇಲಿ ಹೆಂಗಸರು. ಸಣ್ಣ ಮಕ್ಕಳಿಗೆ ಎಸರಲ್ಲಿ ಕಲಸಿದ ನಾಲ್ಕು ತುತ್ತು. ಕಾಳೆಲ್ಲಾ ದೊಡ್ಡೋರ ತಟ್ಟೆಗೆ ಹೋಗಿ, ಮಗೂಗೆ ಬರೋದು ಮೇಲಿನ ತಿಳಿ. "ಅದಕ್ಕೆ ಅರಗಲ್ಲ" ಅನ್ನೋ ಮಾತು ರೆಡಿ ಇರುತ್ತೆ.

ಈ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ನದಿ ಇಲ್ಲದ ಸೀಮೆ ನಮ್ಮದು, ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. 1876ರಿಂದ 78ರ ತನಕ ಬಿದ್ದ ಬರ ಎಂಥದ್ದು ಅಂದರೆ, 1871ರ ಜನಗಣತೀಲಿ 50 ಲಕ್ಷ ದಾಟಿದ್ದ ಮೈಸೂರು ರಾಜ್ಯದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಅಂಥ ಕಾಲದಲ್ಲಿ ನೇಗಿಲು ಹಿಡಿಯೋನು ಬಿದ್ದರೆ ಮನೆಯೇ ಬೀಳ್ತಿತ್ತು. ರಾಗಿನ ಹಗೇವಲ್ಲಿ ವರ್ಷಗಟ್ಟಲೆ ಹೂತಿಟ್ಟುಕೊಂಡು ಅಳೆದು ತೆಗೀತಿದ್ದ ಜನ, ಊಟಾನೂ ಅಳೆದೇ ಇಕ್ಕಿದರು. ಬರ ಹೋಯಿತು, ಅಳತೆ ಉಳೀತು. ಲಕ್ಷ್ಮಣಯ್ಯನೋರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನ ಮಾಡಿದ ಮೇಲೆ ಹೊಲದಲ್ಲಿ ರಾಗಿ ಹೆಚ್ಚಿತು, ಮಗುವಿನ ತಟ್ಟೇಲಿ ಪಾಲು ಹೆಚ್ಚಲಿಲ್ಲ.

ಆ ಹಳೇ ಲೆಕ್ಕದೊಳಗೆ ಮಗೂಗೆ ಅಂತಲೇ ಬೇರೆ ಒಲೆ ಹಚ್ಚಿಸಿದ ಪದಾರ್ಥ ಒಂದಿತ್ತು, ರಾಗಿ ಸರಿ. ರಾಗಿ ತೊಳೆದು, ರಾತ್ರಿಯೆಲ್ಲಾ ನೆನೆಸಿ, ಬಿಳೀ ಬಟ್ಟೇಲಿ ಗಂಟು ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ ಅನ್ನೋ ಹಾಗೆ ಹುರಿದು, ಮೊಳಕೆ ಉಜ್ಜಿ ಕೇರಿ, ಬೀಸಿ, ಆಮೇಲೆ ತೆಳುವಾದ ಬಟ್ಟೇಲಿ ಜರಡಿ ಹಿಡೀಬೇಕು. ನಾಲ್ಕೈದು ದಿನದ ಕೆಲಸ. ದುಡಿಯೋ ಗಂಡಸಿಗೂ ಇಷ್ಟು ಉಪಚಾರ ಇರಲಿಲ್ಲ! ಇದನ್ನ ಮಾಡ್ತಿದ್ದೋರು ಹೊಲಕ್ಕೆ ಹೋಗೋಕೆ ಆಗದ ಅಜ್ಜಿಯರು. ಅಂದರೆ ಮಗೂಗೆ ಸಿಕ್ಕಿದ್ದು ದುಡಿಮೆ ಲೆಕ್ಕದಿಂದ ಹೊರಗೆ ಬಿದ್ದಿದ್ದ ಇನ್ನೊಬ್ಬರ ಹೊತ್ತು.

ಮೊಳಕೆ ಯಾಕೆ ಬರಿಸಬೇಕು ಅಂತ ಅಜ್ಜಿಯನ್ನ ಕೇಳಿದರೆ "ತಂಪು" ಅಂತಿದ್ದಳು, ಇಲ್ಲಾ "ಬೇಗ ಅರಗುತ್ತೆ" ಅಂತಿದ್ದಳು. ಎರಡನೇದು ಸರಿಯಾಗೇ ಇತ್ತು. ಬರೀ ರಾಗಿ ಹಿಟ್ಟನ್ನ ಗಂಜಿ ಕಾಯಿಸಿದರೆ ಎರಡು ಚಮಚಕ್ಕೇ ಅಂಟಿನ ಹಾಗೆ ಗಟ್ಟಿಯಾಗುತ್ತೆ, ನೀರು ಹಾಕಿ ತೆಳ್ಳಗೆ ಮಾಡಿದರೆ ಮಗುವಿನ ಹೊಟ್ಟೆ ನೀರಲ್ಲೇ ತುಂಬುತ್ತೆ. ಮೊಳಕೆ ಬಂದ ರಾಗೀಲಿ ಪಿಷ್ಟ ಒಡೆಯೋ ಗುಣ ಹುಟ್ಟೋದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತೆ, ಮಗು ಸಲೀಸಾಗಿ ಕುಡಿಯುತ್ತೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಮಲ್ಲೇಶಿ, ದೇಶಿಕಾಚಾರ್ ಅನ್ನೋ ವಿಜ್ಞಾನಿಗಳು 1982ರಲ್ಲಿ ಇದನ್ನೇ ಬರೆದರು. ಮೊಳಕೆ ರಾಗಿ ಜೊತೆ ಮೊಳಕೆ ಹೆಸರುಕಾಳೂ ಸೇರಿಸಿ ಮಕ್ಕಳ ಆಹಾರ ಮಾಡಿ ತೋರಿಸಿದರು. ಆ ಹೆಸರುಕಾಳು ನಮ್ಮಲ್ಲಿ ಬಹಳ ಮನೆಗಳ ಸರೀಲಿ ಇರಲಿಲ್ಲ, "ಕಾಳು ವಾಯು" ಅಂತ.

ರಾಗಿಗಿಂತ ಅಕ್ಕಿ ಮೇಲು ಅನ್ನೋದೂ ಹಳೇ ಕಾಯಿಲೆ. ಕನಕದಾಸರು ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ರಾಗಿ ಗೆಲ್ಲಿಸಿ 'ರಾಮಧಾನ್ಯ ಚರಿತೆ' ಬರೆದು ನಾನೂರು ವರ್ಷದ ಮೇಲಾಯಿತು. ಆದರೂ ಮಗೂಗೆ ಅನ್ನ ಮುಟ್ಟಿಸೋ ಶಾಸ್ತ್ರದ ದಿನ ಬೆಳ್ಳಿ ಬಟ್ಟಲಲ್ಲಿ ಇರೋದು ಅಕ್ಕಿ ಪಾಯಸವೇ. ಹಬ್ಬಕ್ಕೆ ಮಾತ್ರ ಅನ್ನ ಕಾಣ್ತಿದ್ದ ಮನೆಗಳಿಗೆ 2013ರ ಅನ್ನಭಾಗ್ಯದಿಂದ ತಿಂಗಳು ಪೂರ್ತಿ ಅಕ್ಕಿ ಬಂತು. ಹಸಿವು ಹೋಯಿತು, ಅದನ್ನ ಹಗುರ ಮಾಡೋ ಹಕ್ಕು ಹೊಟ್ಟೆ ತುಂಬಿದೋರಿಗೆ ಇಲ್ಲ. ಆದರೆ ಮಗೂಗೆ ಬೆಳಿಗ್ಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಆಯಿತು. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಪಾಲಿಶ್ ಅಕ್ಕೀಲಿ ಹತ್ತರ ಆಸುಪಾಸು. ಈಗ ರೇಷನ್ನಲ್ಲಿ ರಾಗೀನೂ ಬರುತ್ತೆ. ಅದು ಮುದ್ದೆಯಾಗಿ ದೊಡ್ಡೋರಿಗೆ ಹೋಗುತ್ತೆ, ಮಗೂಗೆ ಅನ್ನವೇ.

ಇನ್ನು ಗಿಣ್ಣಿನ ಮಾತು. ಹಸು ಕರು ಹಾಕಿದರೆ ಗಿಣ್ಣು ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದ ಮನೆಗೆಲ್ಲಾ ಹಂಚ್ತೀವಿ. ಕರೂಗೂ ಮೊದಲ ದಿನ ಗಿಣ್ಣು ಕುಡಿಸದೇ ಬಿಡಲ್ಲ, ಕುಡಿಸದಿದ್ದರೆ ಕರು ಉಳಿಯಲ್ಲ ಅಂತ ಎಲ್ಲರಿಗೂ ಗೊತ್ತು. ಅದೇ ಮನೇಲಿ ಬಾಣಂತಿಯ ಮೊದಲ ಹಾಲು ಹಳದಿ, ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸ್ತಿದ್ದರು. ಮೂರು ದಿನ ಮಗೂಗೆ ಸಕ್ಕರೆ ನೀರು, ಹರಳೆಣ್ಣೆ. ಕರೂಗೆ ಇದ್ದ ನ್ಯಾಯ ಕೂಸಿಗೆ ಇರಲಿಲ್ಲ. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಇದು ಬಹಳ ಕಮ್ಮಿಯಾಗಿದೆ. ಇಂಥ ಕೆಲವು ಪದ್ಧತಿ ಹೋದದ್ದಕ್ಕೆ ನನಗಂತೂ ಒಂಚೂರೂ ಬೇಜಾರಿಲ್ಲ.

ಹಾಲಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ನಮ್ಮ ಕಡೆ ಊರೂರಿಗೂ ಹಾಲಿನ ಸಂಘ ಬಂದವು. ಹೆಂಗಸರ ಕೈಗೆ ಬಂದ ಮೊದಲ ದುಡ್ಡು ಅದೇ, ಮಕ್ಕಳ ಫೀಸು, ಔಷಧಿ, ಎಲ್ಲಾ ಅದರಿಂದಲೇ ನಡೀತು. ಆದರೆ ಮುಂಚೆ ಮಜ್ಜಿಗೆಯಾಗಿ, ಬೆಣ್ಣೆಯಾಗಿ ಮನೇಲೇ ಉಳೀತಿದ್ದದ್ದು ಕ್ಯಾನಿಗೆ ಹೋಯಿತು. ಮಗೂಗೆ ಉಳಿದಿದ್ದು ಟೀ, ಅದಕ್ಕೆ ಅದ್ದೋಕೆ ಒಂದು ಬಿಸ್ಕತ್ತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಅಂತ ಹಾಲಿನ ಪುಡಿ ಕದಡಿ ಮಕ್ಕಳಿಗೆ ತಲಾ 150 ಮಿಲಿಲೀಟರ್ ಕೊಡೋಕೆ ಶುರು ಮಾಡಿದರು. ನಾವು ಬೆಳಿಗ್ಗೆ ಸಂಘಕ್ಕೆ ಹಾಕಿದ ಹಾಲು ಪುಡಿಯಾಗಿ, ಪ್ಯಾಕೆಟ್ಟಾಗಿ, ಸುತ್ತಿ ಬಳಸಿ ನಮ್ಮ ಮಕ್ಕಳ ಲೋಟಕ್ಕೇ ಬಂತು ಅನ್ನಿ.

ಅಂಗನವಾಡಿ ಅದಕ್ಕೂ ಹಳೇದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಲ್ಲಿ ನನಗೆ ಮೆಚ್ಚುಗೆಯಾಗೋದು ಒಂದೇ: ಮಕ್ಕಳನ್ನ ಸಾಲಾಗಿ ಕೂರಿಸಿ, ದೊಡ್ಡೋರು ಯಾರೂ ಉಣ್ಣೋ ಮೊದಲು ಮಕ್ಕಳಿಗೆ ಇಕ್ತಾರೆ. ನಮ್ಮ ಮನೆಗಳಲ್ಲಿ ಇಲ್ಲದ ಪದ್ಧತಿ.

ಹಾಲಿನ ಜೊತೆಗೆ ರೇಷ್ಮೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳ ಸಾಕಿದೋರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಎಂಥ ಹಸಿವು ಅಂತ. ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ಮುಕ್ಕಾಲಿಗೂ ಹೆಚ್ಚು ಆ ಒಂದು ವಾರದಲ್ಲೇ ತಿನ್ನುತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಒಂದು ಹೊತ್ತೂ ತಪ್ಪೋ ಹಾಗಿಲ್ಲ, ತಪ್ಪಿದರೆ ಗೂಡು ತೆಳ್ಳಗಾಗುತ್ತೆ. ತಾಯಿ ಸೊಪ್ಪು ಕುಯ್ಯೋಕೆ ಹೋದಾಗ ಮಗೂನ ನೋಡೋದು ಆರೇಳು ವರ್ಷದ ಅಕ್ಕ. ಅವಳಿಗೆ ಉಣ್ಣಿಸೋಕೆ ಬರಲ್ಲ, ಹತ್ತು ರೂಪಾಯಿ ಪ್ಯಾಕೆಟ್ ಹರಿದು ಕೊಡೋಕೆ ಬರುತ್ತೆ. ಕೇಳೋಣ ಅಂದರೆ ಅಜ್ಜೀನೂ ಈಗ ಟಮೋಟ ಬಿಡಿಸೋಕೆ ಕೂಲಿಗೆ ಹೋಗಿರ್ತಾಳೆ. ಸರಿ ಹಿಟ್ಟು ಮರೆಯಾಗಿದ್ದಕ್ಕೆ ಸೊಸೆಯಂದಿರ ಸೋಮಾರಿತನ ಕಾರಣ ಅನ್ನೋರಿಗೆ ನಾನು ಕೇಳೋದು, ಆ ನಾಲ್ಕೈದು ದಿನ ಯಾರ ಹತ್ತಿರ ಉಳಿದಿದೆ ಹೇಳಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಆರು ತಿಂಗಳು ತುಂಬಿದ ಮಕ್ಕಳಲ್ಲಿ 65 ಮಂದಿಗೆ ರಕ್ತ ಕಮ್ಮಿ. ಹೊಲ ಇದ್ದೋರು, ಹಸು ಇದ್ದೋರು, ಎಲ್ಲರ ಮಕ್ಕಳೂ ಅದರಲ್ಲಿದ್ದಾರೆ. ಆರು ತಿಂಗಳಾದ ಮೇಲೆ ಬೆಂದ ಕಾಳು ಕಿವುಚಿ ಕೊಡಬಹುದು, ತಿನ್ನೋ ಮನೆಯೋರು ಮೊಟ್ಟೆ ಕೊಡಬಹುದು ಅಂತ ಅಂಗನವಾಡಿ ಟೀಚರ್ ಹೇಳಿದರೂ "ಉಷ್ಣ", "ಮಂದ" ಅನ್ನೋ ಎರಡು ಮಾತು ಬಾಗಿಲಲ್ಲೇ ನಿಂತಿರ್ತವೆ. ಒಂಬತ್ತು ತಿಂಗಳು ದಾಟಿದ ಮಗೂಗೆ ದಿನಕ್ಕೆ ಮೂರು ನಾಲ್ಕು ಸಲ ಉಣ್ಣಿಸಬೇಕು ಅಂತಾರೆ ಡಾಕ್ಟರು. ಹುಳದ ಲೆಕ್ಕವೂ ಅಷ್ಟೇ ಅಲ್ವಾ. ನಮ್ಮ ಬೀದಿಯ ಒಬ್ಬ ಸೊಸೆ ಅದನ್ನೇ ಹಿಡಿದುಕೊಂಡಿದ್ದಾಳೆ. ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದವಳೇ ಮಗೂಗೆ ಬಟ್ಟಲು ತರ್ತಾಳೆ, ದಿನಕ್ಕೆ ನಾಲ್ಕು ಸಲ. ಸರಿ ಹಿಟ್ಟನ್ನ ಪಕ್ಕದ ಮೂರು ಮನೆಯೋರ ಜೊತೆ ಸೇರಿ ಒಟ್ಟಿಗೆ ಮಿಲ್ಲಿಗೆ ಹಾಕಿಸ್ತಾಳೆ, ಸೇರಿಗೆ ಒಂದು ಹಿಡಿ ಹೆಸರುಕಾಳು ಹಾಕಿ.