ನಗರ ಮಹಾಯೋಜನೆಗೆ ಸಾರ್ವಜನಿಕ ಆಕ್ಷೇಪಣೆ: ಧರ್ಮಕೇಂದ್ರಗಳು ತಿಳಿದಿರಬೇಕಾದ ವಿಷಯಗಳು

ಊರಿನ ಯಾವ ಜಾಗದಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಾರ್ಖಾನೆ ಬರಬಹುದು, ಯಾವ ರಸ್ತೆ ಎಷ್ಟು ಅಗಲವಾಗಬೇಕು, ಯಾವ ಹೊಲ ಹೊಲವಾಗಿಯೇ ಉಳಿಯಬೇಕು ಎಂಬುದನ್ನು ತೀರ್ಮಾನಿಸುವ ದಾಖಲೆಗೆ ಮಹಾಯೋಜನೆ ಎಂದು ಹೆಸರು. ಜನರ ಬಾಯಲ್ಲಿ ಇದು ‘ಮಾಸ್ಟರ್ ಪ್ಲಾನ್’. ಉತ್ತರ ಕರ್ನಾಟಕದ ಊರುಗಳಲ್ಲಿ ಮಾಸ್ಟರ್ ಪ್ಲಾನ್ ಎಂದರೆ ರಸ್ತೆ ಅಗಲೀಕರಣ, ಮನೆ-ಅಂಗಡಿ ಒಡೆಯುವುದು ಎಂದೇ ಅನೇಕರು ತಿಳಿದಿದ್ದಾರೆ. ಆದರೆ ಒಡೆಯುವ ಯಂತ್ರ ಬರುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ನಕ್ಷೆಯ ಮೇಲೆ ಗೆರೆ ಬಿದ್ದಿರುತ್ತದೆ. ಆ ಗೆರೆಯ ಬಗ್ಗೆ ಮಾತನಾಡಲು ಕಾನೂನು ಜನರಿಗೆ ಒಂದು ಅವಕಾಶ ಕೊಟ್ಟಿದೆ. ಆ ಅವಧಿ ಕೇವಲ 60 ದಿನ. ಅದು ಹೇಗೆ ಬರುತ್ತದೆ, ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಧರ್ಮಕೇಂದ್ರಗಳ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ.

ಕಾನೂನು ಏನು ಹೇಳುತ್ತದೆ

ನಮ್ಮ ರಾಜ್ಯದಲ್ಲಿ ಈ ಕೆಲಸ ನಡೆಯುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ. ಸರಕಾರವು ಮೊದಲು ಒಂದು ನಗರವನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ‘ಸ್ಥಳೀಯ ಯೋಜನಾ ಪ್ರದೇಶ’ ಎಂದು ಘೋಷಿಸುತ್ತದೆ. ಅದಕ್ಕೆ ಒಂದು ಯೋಜನಾ ಪ್ರಾಧಿಕಾರ ಇರುತ್ತದೆ. ಮಂಗಳೂರು, ಉಡುಪಿ, ವಿಜಯಪುರ ಮುಂತಾದ ಕಡೆ ಆಯಾ ನಗರಾಭಿವೃದ್ಧಿ ಪ್ರಾಧಿಕಾರವೇ ಈ ಹೊಣೆ ಹೊತ್ತಿದೆ. ಪ್ರಾಧಿಕಾರವು ಸರ್ವೆ ನಡೆಸಿ ಕರಡು ಯೋಜನೆ ತಯಾರಿಸಿ ಸರಕಾರಕ್ಕೆ ಕಳುಹಿಸುತ್ತದೆ.

ಕಾಯ್ದೆಯ 13ನೇ ಪ್ರಕರಣ ನಮಗೆ ಮುಖ್ಯವಾದುದು. ಸರಕಾರವು ಕರಡನ್ನು ಹಿಂದಿರುಗಿಸಿದ ಮೇಲೆ ಪ್ರಾಧಿಕಾರವು ಅದನ್ನು ಅಧಿಸೂಚನೆಯ ಮೂಲಕ ಪ್ರಕಟಿಸಿ, 60 ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಬೇಕು. ಈ ಅವಧಿಯಲ್ಲಿ ಯಾರೇ ಲಿಖಿತವಾಗಿ ತಿಳಿಸಿದ ಅಭಿಪ್ರಾಯವನ್ನು ಪ್ರಾಧಿಕಾರ ಪರಿಶೀಲಿಸಲೇಬೇಕು. ಬಳಿಕ ಬೇಕಾದ ಮಾರ್ಪಾಡುಗಳ ಶಿಫಾರಸಿನೊಂದಿಗೆ ಯೋಜನೆಯನ್ನು ಮತ್ತೆ ಸರಕಾರಕ್ಕೆ ಸಲ್ಲಿಸಬೇಕು. ಅಂತಿಮ ಒಪ್ಪಿಗೆ ಸರಕಾರದ್ದು. ಒಪ್ಪಿಗೆಯಾದ ಯೋಜನೆ ಪ್ರಕಟವಾದ ಮೇಲೆ ಆ ಪ್ರದೇಶದ ಪ್ರತಿಯೊಂದು ಭೂ ಬಳಕೆಯೂ ಅದಕ್ಕೆ ಹೊಂದಿಕೊಂಡಿರಬೇಕು ಎನ್ನುತ್ತದೆ 14ನೇ ಪ್ರಕರಣ. ಯೋಜನೆಯನ್ನು ಕನಿಷ್ಠ 10 ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವೂ ಇದೆ. ಪರಿಷ್ಕರಣೆಯಾಗುವಾಗ ಇದೇ 60 ದಿನಗಳ ಅವಕಾಶ ಮತ್ತೆ ಸಿಗುತ್ತದೆ.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ದಿನಗಳ ಲೆಕ್ಕ ಶುರುವಾಗುವುದು ಪ್ರಕಟಣೆಯ ದಿನದಿಂದ, ನಮಗೆ ಸುದ್ದಿ ತಿಳಿದ ದಿನದಿಂದಲ್ಲ. ಎರಡು, ಕಾನೂನು ಹೇಳುವುದು ಲಿಖಿತ ಅಭಿಪ್ರಾಯದ ಬಗ್ಗೆ. ಸಭೆಯಲ್ಲಿ ಎದ್ದು ನಿಂತು ಎಷ್ಟು ಚೆನ್ನಾಗಿ ಮಾತನಾಡಿದರೂ ಬರೆದು ಕೊಡದಿದ್ದರೆ ಅದಕ್ಕೆ ದಾಖಲೆಯ ಬಲ ಇರುವುದಿಲ್ಲ.

ನಮ್ಮ ಊರು ಇದರಲ್ಲಿ ಸೇರಿದೆಯೇ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಉದಾಹರಣೆಗೆ ಹಿಂದಿನ ವಿಜಯಪುರ ತಾಲ್ಲೂಕಿನ ಜೈನಾಪುರವನ್ನು ತೆಗೆದುಕೊಳ್ಳಬಹುದು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಬಬಲೇಶ್ವರ ಮತ್ತು ತಿಕೋಟಾ ಎರಡೂ ಇದ್ದವು. ಹೀಗೆ ಹಳೆಯ ತಾಲ್ಲೂಕು ಮೂರು ಪಾಲಾಯಿತು. ಆದರೆ ತಾಲ್ಲೂಕಿನ ಗಡಿ ಬೇರೆ, ಯೋಜನಾ ಪ್ರದೇಶದ ಗಡಿ ಬೇರೆ. ಹಳ್ಳಿ ಗ್ರಾಮ ಪಂಚಾಯತಿಯಲ್ಲಿಯೇ ಇದ್ದರೂ ನಗರದ ಯೋಜನಾ ಪ್ರದೇಶದೊಳಗೆ ಸೇರಿರಬಹುದು. ಯಾವ ಯಾವ ಗ್ರಾಮಗಳು ಸೇರಿವೆ ಎಂಬುದು ಯೋಜನಾ ಪ್ರದೇಶವನ್ನು ಘೋಷಿಸಿದ ಅಧಿಸೂಚನೆಯಲ್ಲಿ ಹೆಸರು ಸಹಿತ ಇರುತ್ತದೆ. ಪ್ರಾಧಿಕಾರದ ಕಚೇರಿಯಲ್ಲಿ ಅಥವಾ ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಕಚೇರಿಯಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಬಹುದು.

ಯೋಜನಾ ಪ್ರದೇಶದ ಅಂಚಿನ ಹಳ್ಳಿಗಳ ರೈತರು ವಿಶೇಷ ಎಚ್ಚರ ವಹಿಸಬೇಕು. ನಗರ ಬೆಳೆಯುವ ದಿಕ್ಕಿನಲ್ಲಿರುವ ಹೊಲ ವಸತಿ ವಲಯಕ್ಕೆ ಸೇರಿದರೆ ಬೆಲೆ ಏರುತ್ತದೆ. ಪಕ್ಕದ ಹೊಲ ವರ್ತುಲ ರಸ್ತೆಗೋ ಉದ್ಯಾನಕ್ಕೋ ಗುರುತಾದರೆ ಅದನ್ನು ಮಾರುವುದೂ ಕಷ್ಟ, ಕಟ್ಟುವುದೂ ಕಷ್ಟ. ಒಂದೇ ಗೆರೆಯ ಆಚೆ ಈಚೆ ಎರಡು ಕುಟುಂಬಗಳ ಭವಿಷ್ಯ ಬೇರೆಯಾಗುತ್ತದೆ. ಇದನ್ನು ಮುಂಚಿತವಾಗಿ ಅರಿತವರು ಸಾಮಾನ್ಯವಾಗಿ ಜಮೀನು ವ್ಯವಹಾರದವರು. ಎರಡು ಎಕರೆ ಇರುವ ರೈತನಿಗೆ ಸುದ್ದಿ ತಲುಪುವಾಗ ಅವಧಿ ಮುಗಿದಿರುತ್ತದೆ.

ವಿಜಯಪುರ ಜಿಲ್ಲೆ 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕರಾವಳಿಯ ಅನೇಕ ಧರ್ಮಗುರುಗಳು, ಧರ್ಮಭಗಿನಿಯರು ಆ ಭಾಗದಲ್ಲಿ ಸೇವೆ ಸಲ್ಲಿಸುತ್ತಿರುವುದರಿಂದ ಈ ಮಾಹಿತಿ ಅಲ್ಲಿಗೂ ಇಲ್ಲಿಗೂ ಒಂದೇ ರೀತಿ ಉಪಯುಕ್ತ.

ನಕ್ಷೆಯನ್ನು ಓದುವ ಕ್ರಮ

ಮಹಾಯೋಜನೆಯಲ್ಲಿ ನಕ್ಷೆ, ವರದಿ, ವಲಯ ನಿಯಮಾವಳಿ ಎಂದು ಮೂರು ಭಾಗಗಳಿರುತ್ತವೆ. ನಕ್ಷೆಯಲ್ಲಿ ಸಾಮಾನ್ಯವಾಗಿ ಹಳದಿ ಬಣ್ಣ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಂತಹ ಸಾರ್ವಜನಿಕ ಉಪಯೋಗಕ್ಕೆ, ಹಸಿರು ಉದ್ಯಾನ ಮತ್ತು ಬಯಲಿಗೆ ಮೀಸಲು. ಬಣ್ಣ ನೋಡುವ ಮೊದಲು ಸೂಚಿಯನ್ನು ಓದುವುದು ಒಳ್ಳೆಯದು.

ನೋಡಲೇಬೇಕಾದ ಅಂಶಗಳು:

1. ನಿಮ್ಮ ಪಹಣಿಯಲ್ಲಿ, ಅಂದರೆ ಉತಾರದಲ್ಲಿ, ಇರುವ ಸರ್ವೆ ನಂಬರು ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ?
2. ಪ್ರಸ್ತಾಪಿತ ರಸ್ತೆ ಆ ಸರ್ವೆ ನಂಬರಿನ ಮೂಲಕ ಹಾದುಹೋಗುತ್ತದೆಯೇ? ಅದರ ಅಗಲ ಎಷ್ಟು?
3. ಚರ್ಚ್, ಶಾಲೆ, ಕಾನ್ವೆಂಟ್ ಮತ್ತು ಸ್ಮಶಾನ ಭೂಮಿಯನ್ನು ಈಗಿರುವಂತೆ ತೋರಿಸಲಾಗಿದೆಯೇ? ಹಳೆಯ ಸ್ಮಶಾನವನ್ನು ಖಾಲಿ ಜಾಗವೆಂದು ತೋರಿಸಿದ್ದರೆ ತಕ್ಷಣ ತಿಳಿಸಬೇಕು.
4. ಕೆರೆ, ಹಳ್ಳ, ತೋಡು, ಗೋಮಾಳ ಮತ್ತು ಗಾವಠಾಣ ನಕ್ಷೆಯಲ್ಲಿ ಇವೆಯೇ, ಅಥವಾ ಮಾಯವಾಗಿವೆಯೇ?
5. ಬಡವರ ಕಾಲೊನಿಗಳು ಇರುವ ಜಾಗಕ್ಕೆ ಯಾವ ಬಣ್ಣ ಕೊಡಲಾಗಿದೆ? ಜನ ವಾಸಿಸುತ್ತಿರುವ ಜಾಗ ಉದ್ಯಾನವೆಂದು ಗುರುತಾಗಿದ್ದರೆ ಮುಂದೆ ತೆರವಿಗೆ ಅದೇ ಆಧಾರವಾಗಬಹುದು.

ನಕ್ಷೆಯ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಆದರೆ ಉತ್ತರಕ್ಕೆ 30 ದಿನ ಕಾಲಾವಕಾಶ ಇರುವುದರಿಂದ ಅರ್ಧ ಅವಧಿ ಅದರಲ್ಲೇ ಕಳೆಯುತ್ತದೆ. ಆದುದರಿಂದ ಮೊದಲ ವಾರದಲ್ಲೇ ಕಚೇರಿಗೆ ಹೋಗಿ ಕಣ್ಣಾರೆ ನೋಡುವುದು ಸೂಕ್ತ.

ಸ್ಮಾರಕಗಳ ಸುತ್ತಲಿನ ಜಾಗ

ವಿಜಯಪುರದಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಬಾರಾ ಕಮಾನ್ ಮುಂತಾದ ಆದಿಲ್‌ಶಾಹಿ ಸ್ಮಾರಕಗಳು ನಗರದ ಜನವಸತಿಯ ನಡುವೆಯೇ ಇವೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು ಪ್ರತ್ಯೇಕ ಅನುಮತಿ ಬೇಕು. ಮಹಾಯೋಜನೆಗೆ ಆಕ್ಷೇಪಣೆ ಸಲ್ಲಿಸಿ ಈ ಮಿತಿಯನ್ನು ಬದಲಿಸಲು ಸಾಧ್ಯವಿಲ್ಲ, ಏಕೆಂದರೆ ಅದು ಸಂಸತ್ತಿನ ಕಾನೂನು. ಆದರೆ ಅಲ್ಲಿ ವಾಸಿಸುವವರಿಗೆ ನೀರು, ಚರಂಡಿ, ದಾರಿ ಹೇಗೆ ಒದಗಿಸಬೇಕು ಎಂದು ಸಲಹೆ ನೀಡಲು ಅಡ್ಡಿಯಿಲ್ಲ.

ಬೆಂಗಳೂರಿನ ಅನುಭವ

ರಾಜ್ಯದಲ್ಲಿ ಹೆಚ್ಚು ಚರ್ಚೆಗೆ ಒಳಗಾದ ಪ್ರಕರಣ ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2031’. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಇದರ ಕರಡನ್ನು 2017ರ ನವೆಂಬರ್‌ನಲ್ಲಿ ಪ್ರಕಟಿಸಿತು. 2018ರ ಜನವರಿಯವರೆಗೆ ಅವಕಾಶವಿತ್ತು. ಸುಮಾರು 13 ಸಾವಿರ ಆಕ್ಷೇಪಣೆ, ಸಲಹೆಗಳು ಬಂದವು. ನಾಗರಿಕ ಸಂಘಟನೆಗಳು, ಬಡಾವಣೆಗಳ ನಿವಾಸಿಗಳು, ರೈತರು ಎಲ್ಲರೂ ಬರೆದರು. ಅಂತಿಮವಾಗಿ 2020ರ ಜೂನ್‌ನಲ್ಲಿ ಸರಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. ಇದಕ್ಕೆ ಆಕ್ಷೇಪಣೆಗಳೊಂದೇ ಕಾರಣ ಎನ್ನಲಾಗದು. ಹೊಸ ಯೋಜನೆ ಇಲ್ಲದ ಕಾರಣ 2007ರಲ್ಲಿ ಒಪ್ಪಿಗೆ ಪಡೆದಿದ್ದ ‘2015ರ ಯೋಜನೆ’ಯೇ ಅದರ ಗುರಿವರ್ಷ ಕಳೆದ ಮೇಲೂ ಮುಂದುವರಿಯಿತು.

ಇದರಿಂದ ಕಲಿಯಬೇಕಾದ ಪಾಠ ಎರಡು. ಜನ ಓದಿ, ಬರೆದು ಕೊಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ, ಅದನ್ನು ಬದಿಗೊತ್ತುವುದು ಸುಲಭವಲ್ಲ. ಹಾಗೆಯೇ, ‘ಯೋಜನೆಯೇ ಬೇಡ’ ಎಂದು ಹೇಳಿ ಸುಮ್ಮನಾದರೆ ಹಳೆಯ ನಕ್ಷೆ ಮುಂದುವರಿಯುತ್ತದೆ. ಆ ನಡುವೆ ಊರು ಯಾವ ಅಂಕೆಯೂ ಇಲ್ಲದೆ ಬೆಳೆಯುತ್ತದೆ. ಆದ್ದರಿಂದ ಏನು ಬೇಡ ಎನ್ನುವುದರ ಜೊತೆಗೆ ಏನು ಬೇಕು ಎಂಬುದನ್ನೂ ಬರೆಯಬೇಕು.

ಆಕ್ಷೇಪಣೆ ಬರೆಯುವುದು ಹೇಗೆ?

ವಕೀಲರೇ ಬರೆಯಬೇಕೆಂದಿಲ್ಲ. ಕನ್ನಡದಲ್ಲಿ, ಸರಳವಾಗಿ, ಒಂದು ಪುಟದಲ್ಲಿ ಬರೆದರೆ ಸಾಕು. ಒಂದು ಮಾದರಿ ಹೀಗಿದೆ:

“ಇವರಿಗೆ: ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರ. ವಿಷಯ: ಕರಡು ಮಹಾಯೋಜನೆಗೆ ಆಕ್ಷೇಪಣೆ ಮತ್ತು ಸಲಹೆ. ಉಲ್ಲೇಖ: ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ. ಮಾನ್ಯರೇ, ನಾನು ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ, ಇಷ್ಟು ಗುಂಟೆ ಜಮೀನಿನ ಮಾಲೀಕನಾಗಿದ್ದು, ಕರಡು ನಕ್ಷೆಯಲ್ಲಿ ಇದನ್ನು ಇಂಥ ಉಪಯೋಗಕ್ಕೆ ತೋರಿಸಲಾಗಿದೆ. ಸ್ಥಳದಲ್ಲಿ ವಾಸ್ತವವಾಗಿ ಹೀಗಿದೆ. ಈ ಕಾರಣಗಳಿಗಾಗಿ ಬದಲಾವಣೆ ಕೋರುತ್ತೇನೆ. ಪರ್ಯಾಯವಾಗಿ ಹೀಗೆ ಮಾಡಬಹುದೆಂದು ಸಲಹೆ ನೀಡುತ್ತೇನೆ. ಖುದ್ದು ವಿಚಾರಣೆಗೆ ಅವಕಾಶ ನೀಡಬೇಕಾಗಿ ವಿನಂತಿ.”

ಇದರೊಂದಿಗೆ ಪಹಣಿ, ಸರ್ವೆ ಸ್ಕೆಚ್, ಸ್ಥಳದ ಫೋಟೊಗಳು ಮತ್ತು ನಕ್ಷೆಯ ಸಂಬಂಧಪಟ್ಟ ಭಾಗದ ಪ್ರತಿಯನ್ನು ಲಗತ್ತಿಸಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಹೋಗಲಾಗದವರು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಜೋಪಾನ ಮಾಡಬೇಕು. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಆ ಸ್ವೀಕೃತಿ ಬಹಳ ಮುಖ್ಯ ಆಧಾರ. ನೂರು ಜನ ಒಂದೇ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರು ನಮೂದಿಸಿ ಬೇರೆ ಬೇರೆ ಅರ್ಜಿ ಕೊಡುವುದು ಹೆಚ್ಚು ಪರಿಣಾಮಕಾರಿ.

ಚರ್ಚ್ ಆಸ್ತಿಯ ವಿಷಯ

ಧರ್ಮಸಭೆಯ ಕಾನೂನು ಸಂಹಿತೆಯ 532ನೇ ನಿಯಮದಂತೆ ಕಾನೂನು ವ್ಯವಹಾರಗಳಲ್ಲಿ ಧರ್ಮಕೇಂದ್ರವನ್ನು ಪ್ರತಿನಿಧಿಸುವವರು ವಿಚಾರಣಾ ಧರ್ಮಗುರುಗಳು. ಆದುದರಿಂದ ಚರ್ಚ್ ಆಸ್ತಿಯ ಬಗ್ಗೆ ಆಕ್ಷೇಪಣೆಗೆ ಅವರ ಸಹಿ ಇರಬೇಕು. ಜಮೀನು ಧರ್ಮಪ್ರಾಂತ್ಯದ ಹೆಸರಿನಲ್ಲಿದ್ದರೆ ಮೊದಲು ಧರ್ಮಾಧ್ಯಕ್ಷರ ನಿವಾಸದ ಕಚೇರಿಗೆ ತಿಳಿಸಬೇಕು. ಲಿಖಿತ ಆಕ್ಷೇಪಣೆ ಸಲ್ಲಿಸುವುದು ದಾವೆಯಲ್ಲ. ಆದರೆ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾದರೆ 1288ನೇ ನಿಯಮದಂತೆ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಅಗತ್ಯ. ಅನುಮತಿಗೆ ಸಮಯ ಬೇಕಾಗುವುದರಿಂದ ಕೊನೆಯ ವಾರದವರೆಗೆ ಕಾಯಬಾರದು.

ಅವಧಿ ಮುಗಿದ ಮೇಲೆ

ಅಂತಿಮ ಯೋಜನೆ ಪ್ರಕಟವಾದ ಬಳಿಕವೂ ಕೆಲವು ಅವಕಾಶಗಳಿವೆ. ಕಾಯ್ದೆಯ 14-ಎ ಪ್ರಕರಣದಡಿ ನಿರ್ದಿಷ್ಟ ಜಾಗದ ಭೂ ಉಪಯೋಗ ಬದಲಾವಣೆ ಕೋರಬಹುದು. ಅಂತಹ ಪ್ರಸ್ತಾವ ಬಂದಾಗ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನಿಮ್ಮ ನೆರೆಯವರ ಜಾಗ ವಸತಿಯಿಂದ ಕೈಗಾರಿಕೆಗೆ ಬದಲಾಗುವ ಪ್ರಸ್ತಾವವೂ ಹೀಗೆಯೇ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಇನ್ನು, ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಖಾಸಗಿ ಜಮೀನನ್ನು ಐದು ವರ್ಷಗಳೊಳಗೆ ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಆರಂಭಿಸದಿದ್ದರೆ ಆ ಗುರುತು ರದ್ದಾದಂತೆ ಎನ್ನುತ್ತದೆ 69ನೇ ಪ್ರಕರಣ.

ಇತರ ಸಾರ್ವಜನಿಕ ಆಲಿಕೆಗಳು

ಮಹಾಯೋಜನೆಯ ಆಕ್ಷೇಪಣೆಯನ್ನು ಇತರ ಆಲಿಕೆಗಳೊಂದಿಗೆ ಬೆರೆಸಬಾರದು. ದೊಡ್ಡ ಕೈಗಾರಿಕೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 30 ದಿನಗಳ ಮುನ್ಸೂಚನೆಯೊಂದಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಕಡಲತೀರದ ಧರ್ಮಕೇಂದ್ರಗಳಿಗೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅನ್ವಯಿಸುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಮತ್ತೆ ಹೊರಟಾಗಲೂ 60 ದಿನಗಳ ಅವಕಾಶ ನೀಡಲಾಗಿತ್ತು. ಯಾವ ಕಾನೂನು, ಯಾವ ಕಚೇರಿ, ಎಷ್ಟು ದಿನ ಎಂಬುದನ್ನು ಪ್ರತಿ ಸಲ ಖಚಿತಪಡಿಸಿಕೊಳ್ಳಬೇಕು.

ಧರ್ಮಕೇಂದ್ರದ ಕರ್ತವ್ಯ

ಇದು ಚರ್ಚಿನ ಕೆಲಸವೇ ಎಂದು ಕೆಲವರು ಕೇಳಬಹುದು. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 150ನೇ ಪರಿಚ್ಛೇದದಲ್ಲಿ ನಗರ ಯೋಜನೆ ಮಾಡುವಾಗ ಅಲ್ಲಿ ಬಾಳುವವರ ಅಭಿಪ್ರಾಯ ಸೇರಬೇಕೆಂದೂ, 183ನೇ ಪರಿಚ್ಛೇದದಲ್ಲಿ ಯೋಜನೆಗಳ ಚರ್ಚೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕೆಂದೂ ಬೋಧಿಸಿದ್ದಾರೆ. ನಕ್ಷೆ ಓದಲು ಬಾರದ ನೆರೆಯವರಿಗೆ ಅದನ್ನು ಓದಿ ಹೇಳುವುದು ಕೂಡ ಪರಸೇವೆಯೇ.

ಧರ್ಮಕೇಂದ್ರದಲ್ಲಿ ಮಾಡಬಹುದಾದದ್ದು ಇಷ್ಟು: ಕರಡು ಪ್ರಕಟವಾದ ಭಾನುವಾರವೇ ಪೂಜೆಯ ನಂತರ ಪ್ರಕಟಣೆ ನೀಡಿ ಕೊನೆಯ ದಿನಾಂಕವನ್ನು ಸೂಚನಾ ಫಲಕದಲ್ಲಿ ಬರೆಯುವುದು, ಪಾಲನಾ ಮಂಡಳಿಯಿಂದ ಇಬ್ಬರನ್ನು ನಕ್ಷೆ ನೋಡಲು ಕಳುಹಿಸುವುದು, ವಾಳೆಯ ಗುರಿಕಾರರ ಮೂಲಕ ಮನೆಮನೆಗೆ, ಧರ್ಮಭೇದವಿಲ್ಲದೆ, ಸುದ್ದಿ ಮುಟ್ಟಿಸುವುದು, ಒಂದು ಸಂಜೆ ಚರ್ಚ್ ಸಭಾಭವನದಲ್ಲಿ ಅರ್ಜಿ ಬರೆಯಲು ನೆರವಾಗುವುದು. ಕಥೊಲಿಕ್ ಸಭಾದಂತಹ ಸಂಘಟನೆಗಳು ಮತ್ತು ವಿದ್ಯಾವಂತ ಯುವಜನರು ಈ ಕೆಲಸಕ್ಕೆ ಕೈಜೋಡಿಸಬೇಕು. 60 ದಿನಗಳಲ್ಲಿ ಕೊಟ್ಟ ಒಂದು ಪುಟ ಮುಂದಿನ ಹತ್ತು ವರ್ಷಗಳ ಅಲೆದಾಟವನ್ನು ತಪ್ಪಿಸಬಲ್ಲದು.